ಖಾಲಿ ಚೀಲದ ನಾಟಕ ಸಾಕು



ಹೋದ ವರ್ಷ ಹಾಸ್ಟೆಲಿನ ಗ್ಯಾದರಿಂಗಿಗೆ ನಾವೊಂದು ನಾಟಕ ಆಡಿದೆವು. ನೆಹರು ಗಂಜಿನ ಹಮಾಲರ ಮೇಲೆ. ಬರೆದವನು ನಾನೇ, ಹಾಗಾಗಿ ಬೈಗುಳಕ್ಕೂ ನಾನೇ ವಾರಸುದಾರ. ಗೋಣಿಚೀಲಗಳಿಗೆ ಹಳೇ ಪೇಪರು ತುರುಕಿ, ಬೆನ್ನ ಮೇಲೆ ಹೊತ್ತು, ತತ್ತರಿಸುತ್ತ, "ಸಾಹುಕಾರಾ, ನಮ್ಮ ರಕ್ತ ಹೀರಬ್ಯಾಡ" ಎಂದು ಗೋಳಾಡುತ್ತ ನಾಲ್ಕು ಮಂದಿ ಹುಡುಗರು ಸ್ಟೇಜಿನ ಈ ತುದಿಯಿಂದ ಆ ತುದಿಗೆ ನಡೆದರು. ಸಾಹುಕಾರನಿಗೆ ದಿಂಬಿನ ಹೊಟ್ಟೆ ಕಟ್ಟಿದ್ದೆವು. ಕೊನೆಗೆ ಕೆಂಪು ಲೈಟು, ನೀಲಿ ಬಾವುಟ, ಘೋಷಣೆ. ಚಪ್ಪಾಳೆ ಬಿತ್ತು. ಅತಿಥಿಗಳಾಗಿ ಬಂದವರು ಕಣ್ಣು ಒರೆಸಿಕೊಂಡರು.

ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಮುತ್ಯಾ ಎದ್ದು ಬಂದ. ನಮ್ಮ ಹುಡುಗನೊಬ್ಬನ ಅಜ್ಜ. ವಯಸ್ಸೆಲ್ಲ ಗಂಜಿನಾಗ ಚೀಲ ಹೊತ್ತು ಕಳೆದವನು. ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದ: "ತಮ್ಮಾ, ಆಟ ಚಲೋ ಆಯ್ತು. ಖರೆ ಒಂದು ಮಾತು. ಖಾಲಿ ಚೀಲ ಹೊತ್ತು ಅಳ್ಳಿಕತ್ತೀರಿ ನೀವು. ತುಂಬಿದ ಚೀಲ ಹೊತ್ತಾಂವ ಅಳಂಗಿಲ್ಲ. ಅವಗ ಉಸುರು ಹಿಡ್ಕೊಳ್ಳೋದೇ ಒಂದು ಕೆಲಸ. ಅತ್ತರ ಚೀಲ ಬೀಳ್ತದ. ಚೀಲ ಬಿದ್ರ ಕೂಲಿ ಬೀಳ್ತದ."

ನನಗೆ ಸಿಟ್ಟು ಬಂತು. ಬಿ.ಎ. ಓದಿದವನಿಗೆ, ಎರಡು ಕವಿತೆ ಅಚ್ಚಾದವನಿಗೆ ನಾಟಕ ಹೇಳಿಕೊಡಲು ಬಂದನಲ್ಲ ಎಂದು. ಎರಡು ದಿನ ಬಿಟ್ಟು ಸಿಟ್ಟು ಇಳಿಯಿತು. ಆಮೇಲೆ ಹೊಳೆಯಿತು, ನಾವು ಆಡಿದ್ದರಲ್ಲಿ ಗಂಜಿನ ಹಮಾಲ ಎಲ್ಲೂ ಇರಲಿಲ್ಲ. ಹಮಾಲನ ಮೇಲೆ ಮೇಲಿನವರು ಇಟ್ಟುಕೊಂಡ ಕನಿಕರ ಇತ್ತು, ಅದನ್ನೇ ನಾವು ಬಾಯಿಪಾಠ ಮಾಡಿ ಒಪ್ಪಿಸಿದ್ದೆವು. ಅದಕ್ಕೇ ಅತಿಥಿಗಳಿಗೆ ಅಷ್ಟು ಹಿಡಿಸಿತು.

ಇನ್ನೊಂದು ಮಾತನ್ನು ಬರೆಯದೆ ಮುಂದೆ ಹೋದರೆ ಈ ಸಂಪಾದಕೀಯ ಸುಳ್ಳಾಗುತ್ತದೆ. ನಾನು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ನಮ್ಮಪ್ಪ ಗಂಜಿನಿಂದ ಸೀದಾ ಹಾಸ್ಟೆಲಿಗೆ ಬಂದಿದ್ದ. ತಲೆಗೆ ಸುತ್ತಿದ ಟವೆಲ್ಲು, ಅಂಗಿ ತುಂಬ ತೊಗರಿ ಧೂಳು, ಸೊಂಟದಲ್ಲಿ ಚೀಲ ಎಳೆಯುವ ಕೊಕ್ಕೆ. ಗೆಳೆಯನೊಬ್ಬ "ಯಾರಲೇ ಇವ್ರು?" ಅಂದ. "ನಮ್ಮೂರಿನವ್ರು" ಅಂದೆ. ಅಪ್ಪನಿಗೆ ಕೇಳಿಸಿತು. ಏನೂ ಅನ್ನಲಿಲ್ಲ. ಕಾಗದದಲ್ಲಿ ಸುತ್ತಿ ತಂದಿದ್ದ ಎರಡು ಕೆಂಪು ಬಾಳೆಹಣ್ಣು ಕೈಗಿಟ್ಟು ಹೋದ. ಆಮೇಲೆ ಬಂದಾಗಲೆಲ್ಲ ಗೇಟಿನ ಆಚೆ ನಿಂತೇ ಕರೆಯುತ್ತಿದ್ದ. ಹಮಾಲನ ಮೇಲೆ ನಾಟಕ ಬರೆದ ನನ್ನ ಬಂಡವಾಳ ಇದು. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಮಂದಿ ಅಪ್ಪನನ್ನು ಗೇಟಿನ ಆಚೆ ನಿಲ್ಲಿಸಿದ್ದೀರಿ ಎಂದು ನಾನು ಕೇಳುವುದಿಲ್ಲ. ನಿಮಗೆ ಗೊತ್ತು.

ಗಂಜು ನಮಗೆ ಪರದೇಶ ಅಲ್ಲ. ಕಮಲಾಪುರದ ಕಡೆಯಿಂದ ಹುಮನಾಬಾದ್ ರಸ್ತೆ ಹಿಡಿದು ಬರುವ ಬಸ್ಸು ಊರೊಳಗೆ ಕಾಲಿಡುವಾಗಲೇ ಸುಗ್ಗಿಯ ದಿನಗಳಲ್ಲಿ ಮೂಗಿಗೆ ತೊಗರಿ ಧೂಳು ಹೊಡೆಯುತ್ತದೆ. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರು, ಜನವರಿಗೆ ರಾಶಿಯಾಗಿ ಇಲ್ಲಿಗೆ ಬರುತ್ತದೆ. ಗಾಡಿಯಿಂದ ಇಳಿಸಬೇಕು, ಸುರಿಯಬೇಕು, ಸವಾಲಿಗೆ ಇಡಬೇಕು, ಮತ್ತೆ ತುಂಬಬೇಕು, ತೂಗಬೇಕು, ಬಾಯಿ ಹೊಲಿಯಬೇಕು, ಥಪ್ಪಿ ಹಚ್ಚಬೇಕು, ಲಾರಿಗೆ ಏರಿಸಬೇಕು. ಒಂದೇ ಕಾಳು ಎಷ್ಟು ಬೆನ್ನು ಬದಲಿಸುತ್ತದೆ ಲೆಕ್ಕ ಹಾಕಿ. ದಾಲ್ ಮಿಲ್ಲಿಗೆ ಹೋದ ಮೇಲೂ ಬಿಡುಗಡೆ ಇಲ್ಲ. ಕಾಳಿಗೆ ಎಣ್ಣೆ, ನೀರು ಹಚ್ಚಬೇಕು, ಬಿಸಿಲಿಗೆ ಹರವಬೇಕು, ಕೆದರಬೇಕು, ರಾತ್ರಿ ಮುಚ್ಚಬೇಕು, ಆಮೇಲೆ ರೋಲರಿಗೆ ಹಾಕಿ ಸಿಪ್ಪೆ ಬಿಡಿಸಿ ಬೇಳೆ ಒಡೆಯಬೇಕು. ಜರಡಿ ಹಿಡಿದು ನಿಂತವರು, ನೆಲ ಬಳಿದು ಚೆಲ್ಲಿದ ಕಾಳು ಆರಿಸುವವರು ನಮ್ಮ ಅವ್ವಂದಿರು, ಆಯಿಯಂದಿರು. ಹೊಟ್ಟು, ನುಚ್ಚು, ಬೂಸಾ ಬೇರೆ ಮಾಡುವವರೂ ಅವರೇ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ನಾಡೆಲ್ಲ ಉರಿದೆದ್ದಿತು, ನಮ್ಮ ಹಾಸ್ಟೆಲು ಹುಡುಗರಿಗೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯಿತು. ಕಾಳು ಯಾವುದು ಬೂಸಾ ಯಾವುದು ಎಂದು ದಿನಾ ಕೈಯಿಂದ ಬೇರೆ ಮಾಡುವವರನ್ನು ಆವತ್ತು ಯಾರಾದರೂ ಕೇಳಿದ್ದರೆ ಜಗಳ ಬೇಗ ಹರಿಯುತ್ತಿತ್ತೋ ಏನೋ.

2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿ.ಐ. ಟ್ಯಾಗ್ ಬಂತು. ಒಳ್ಳೆಯದೇ. ಮಣ್ಣಿಗೆ ಹೆಸರು ಬಂತು, ಕಾಳಿಗೆ ಹೆಸರು ಬಂತು. ಹೊತ್ತ ಬೆನ್ನಿಗೆ? ಅಡತಿ ಅಂಗಡಿಯ ಲೆಕ್ಕದ ಪಟ್ಟಿ ತೆಗೆದು ನೋಡಿ. ಚೀಲ ಎಷ್ಟು ಎಂದಿರುತ್ತದೆ, ತೂಕ ಇರುತ್ತದೆ, ಭಾವ ಇರುತ್ತದೆ. ಕೆಳಗೆ ಖರ್ಚಿನ ಸಾಲಿನಲ್ಲಿ "ಹಮಾಲಿ" ಎಂದು ಒಂದು ಮೊತ್ತ ಇರುತ್ತದೆ. ಹಮಾಲಿ ಇದೆ, ಹಮಾಲ ಇಲ್ಲ. ನಾವು ನಾಟಕ ಆಡಬೇಕು ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ಗಿರಣಿ ಕಾರ್ಮಿಕನಿಗಾದರೂ ಹಾಜರಿ ಪುಸ್ತಕ ಇತ್ತು. ನಮ್ಮೂರಿನ ಎಂ.ಎಸ್.ಕೆ. ಮಿಲ್ ಎಂದರೆ ಮಹಬೂಬ್ ಶಾಹಿ ಕಲಬುರಗಿ ಮಿಲ್. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಕಾಲದಲ್ಲಿ, 1880ರ ದಶಕದಲ್ಲಿ ಎದ್ದದ್ದು. ದೊರೆಯ ಹೆಸರು ಗಿರಣಿಗೆ ಬಂತು. ನಿಜಾಮ ಹೋದ, 1948ರಲ್ಲಿ ಹೈದರಾಬಾದ್ ಸಂಸ್ಥಾನವೇ ಹೋಯಿತು, 1974ರ ಕಾಯಿದೆಯಿಂದ ಗಿರಣಿ ಸರ್ಕಾರದ ಜವಳಿ ನಿಗಮಕ್ಕೆ ಸೇರಿತು, ಕೊನೆಗೆ ಬಾಗಿಲೂ ಹಾಕಿತು. ಈಗ ಅದು ಒಂದು ಬಡಾವಣೆಯ ಗುರುತು, ಆಟೋದವನಿಗೆ ಹೇಳುವ ವಿಳಾಸ. ಆದರೆ ಆ ಗಿರಣಿಯ ಹೊಗೆ ಕುಡಿದ ಮನೆಗಳಿಂದಲೇ ನಮ್ಮ ಜಿಲ್ಲೆಯ ಮಾತು ಎದ್ದು ಬಂದಿದೆ. "ಬದುಕು" ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ನಾಗಭೂಷಣ ಅವರು ಗಿರಣಿ ಕೂಲಿಯ ಮಗಳು. ಮಲ್ಲಿಕಾರ್ಜುನ ಖರ್ಗೆಯವರು 1969ರಲ್ಲಿ ಎಂ.ಎಸ್.ಕೆ. ಮಿಲ್ ನೌಕರರ ಸಂಘಕ್ಕೆ ಕಾನೂನು ಸಲಹೆಗಾರರಾಗಿದ್ದರು. ಈ ಎರಡು ಹೆಸರು ಎಲ್ಲರಿಗೂ ಗೊತ್ತು. ಆ ಸಂಘದ ರಸೀದಿ ಹರಿಸಿಕೊಂಡು ಚಂದಾ ಕೊಟ್ಟವರು, ಗೇಟಿನ ಮುಂದೆ ಬಿಸಿಲಿಗೆ ಕೂತವರು? ಅವರ ಹೆಸರು ಅವರ ಮೊಮ್ಮಕ್ಕಳ ಬಾಯಲ್ಲಿ ಇನ್ನೊಂದು ಹತ್ತು ವರ್ಷ ಇರಬಹುದು. ಗಂಜಿನ ಹಮಾಲನಿಗೆ ಆ ಹಾಜರಿ ಪುಸ್ತಕವೂ ಇಲ್ಲ. ಅವನ ಚರಿತ್ರೆ ಇರುವುದು ಕತ್ತಿನ ಹಿಂದಿನ ಗಂಟಿನಲ್ಲಿ, ಸವೆದ ಮಣಕಾಲಿನಲ್ಲಿ, ಇಂಥ ವರ್ಷ ಇಂಥ ಮಾತಿಗೆ ಕೆಲಸ ನಿಲ್ಲಿಸಿದೆವು ಎಂಬ ನೆನಪಿನಲ್ಲಿ. ಮೈಯಲ್ಲಿರುವ ಚರಿತ್ರೆಯನ್ನು ಮೈಯಿಂದಲೇ ಓದಬೇಕು. ಪುಸ್ತಕ ಬರೆಯುವವರು ಬರೆಯಲಿ. ಆಡಬಲ್ಲವರು ನಾವು.

ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರಿದ್ದಾರೆ. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಸಿ.ಜಿ. ಕೃಷ್ಣಸ್ವಾಮಿ ಅವರ "ಬೆಲ್ಚಿ" ಬೀದಿನಾಟಕವನ್ನು ಊರೂರಿಗೆ ಒಯ್ದಿತು. ಬಿಹಾರದ ಬೆಲ್ಚಿಯಲ್ಲಿ 1977ರ ಮೇ ತಿಂಗಳಲ್ಲಿ ಹನ್ನೊಂದು ಜನರನ್ನು ಕೊಂದು ಬೆಂಕಿಗೆ ಹಾಕಿದರು, ಅವರಲ್ಲಿ ಎಂಟು ಜನ ದಲಿತರು. ಚಾವಡಿ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ಆ ನಾಟಕ ನೋಡಿದ ನಮ್ಮ ಹಿರಿಯಣ್ಣಂದಿರು ಸಂಘಟನೆಗೆ ಬಂದರು. ಅದರ ಋಣ ನಮ್ಮ ಮೇಲಿದೆ. ಆದರೂ ಕೇಳುತ್ತೇನೆ: ಬಿಹಾರದ ಸುದ್ದಿ ನಮ್ಮ ಬೀದಿಗೆ ಬಂತು, ನಮ್ಮ ಬೀದಿಯ ಸುದ್ದಿ ನಮ್ಮ ಬೀದಿಗೆ ಯಾವಾಗ ಬರುವುದು? ಬಿ. ಶ್ಯಾಮಸುಂದರ್ ಅವರು 1968ರಲ್ಲಿ ಭೀಮಸೇನೆ ಕಟ್ಟಿದ್ದು ಇದೇ ಗುಲ್ಬರ್ಗದಲ್ಲಿ. ನಮ್ಮ ಹಾಸ್ಟೆಲಿನಲ್ಲಿ ಕೇಳಿ ನೋಡಿದೆ, ಆರು ಜನರಲ್ಲಿ ಒಬ್ಬನಿಗೆ ಗೊತ್ತಿತ್ತು. ಅವನೂ ಭೀಮಸೇನೆ ಅಂದರೆ ಸಿನಿಮಾ ಅಂದುಕೊಂಡಿದ್ದ ಎಂದು ಆಮೇಲೆ ತಿಳಿಯಿತು.

ಹಮಾಲರ ಬಾಯಲ್ಲಿ ಪುಸ್ತಕದ ಕನ್ನಡ ಇಟ್ಟಿದ್ದೇ ನಮ್ಮ ನಾಟಕದ ದೊಡ್ಡ ತಪ್ಪು. ಚಿತ್ತಾಪುರ ತಾಲೂಕಿನ ಶಂಕರವಾಡಿಯಿಂದ ಬಂದ ಚೆನ್ನಣ್ಣ ವಾಲೀಕಾರರು ಈ ಸೀಮೆಯ ಮಾತನ್ನೇ ಕಾವ್ಯಕ್ಕೂ ನಾಟಕಕ್ಕೂ ತಂದವರು. ಅವರು 2019ರಲ್ಲಿ ತೀರಿಕೊಂಡರು, ದಾರಿ ಮಾತ್ರ ತೆರೆದೇ ಇದೆ. ಬೆಂಗಳೂರಿನ ಪರೀಕ್ಷಕರಿಗೆ ತಿಳಿಯದಿದ್ದರೆ ತಿಳಿಯದಿರಲಿ. ಗಂಜಿನವರಿಗೆ ತಿಳಿದರೆ ಸಾಕು.

ಗಡಿಯಾಚೆ ನೋಡಿ. ಅಣ್ಣಾಭಾವು ಸಾಠೆ ಮಾಂಗ ಜಾತಿಯಲ್ಲಿ ಹುಟ್ಟಿದವರು, ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದವರು, ಮುಂಬಯಿ ಗಿರಣಿಯಲ್ಲಿ ದುಡಿದವರು. 1944ರಲ್ಲಿ ಅಮರ್ ಶೇಖ್, ಗವಾಣಕರ್ ಜೊತೆ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ತಮಾಷಾದ ಶುರುವಿಗೆ ಇದ್ದ ಗಣಪತಿ ಸ್ತುತಿ ತೆಗೆದು ಆ ಜಾಗಕ್ಕೆ ದುಡಿಯುವವರಿಗೆ ಸಲಾಮು ತಂದರು. ಹೊಸ ಆಟ ಹುಟ್ಟಿತು, ಲೋಕನಾಟ್ಯ ಅಂದರು. ನಮ್ಮಲ್ಲೂ ದೊಡ್ಡಾಟ ಇದೆ, ಗೀಗೀ ಪದ ಇದೆ, ಮೊಹರಮ್ಮಿನ ಹೆಜ್ಜೆ ಇದೆ. ಹಲಗಿಯಂತೂ ನಮ್ಮದೇ. ಹೆಣದ ಮುಂದೆ ಬಡಿ ಅಂದಾಗ ಬಡಿದದ್ದು ಸಾಕು ಎಂದು ಕೆಳಗಿಟ್ಟ ಹಲಗಿಯನ್ನು ನಮ್ಮ ಮಾತಿಗೆ ನಾವೇ ಎತ್ತಿಕೊಂಡರೆ ಅದರ ದನಿಯೇ ಬೇರೆ.

ದೆಹಲಿಯ ಜನ ನಾಟ್ಯ ಮಂಚ್ 1978ರಲ್ಲಿ "ಮಶೀನ್" ಎಂಬ ಸಣ್ಣ ಬೀದಿನಾಟಕ ಆಡಿತು. ಕಾರ್ಖಾನೆಯ ಕೂಲಿಗಳು ಕೇಳಿದ್ದು ಏನು? ಸೈಕಲ್ ನಿಲ್ಲಿಸಲು ಒಂದು ಜಾಗ, ಚಹಾ ಕುಡಿಯಲು ಒಂದು ಕ್ಯಾಂಟೀನು. ಸಿಕ್ಕಿದ್ದು ಗುಂಡು. ನಟರು ತಮ್ಮ ಮೈಗಳನ್ನೇ ಜೋಡಿಸಿ ಯಂತ್ರವಾಗುತ್ತಾರೆ, ಯಂತ್ರ ನಿಲ್ಲುತ್ತದೆ. ಸೆಟ್ಟು ಇಲ್ಲ, ಲೈಟು ಇಲ್ಲ. ನಮಗೆ ಇದರಿಂದ ಸಿಗುವ ಪಾಠ ದೊಡ್ಡದು. ಹಮಾಲರ ಚರಿತ್ರೆ ಎಂದ ಕೂಡಲೇ ಕ್ರಾಂತಿಯನ್ನೇ ಹುಡುಕಬೇಕಿಲ್ಲ. ನೂರು ಕಿಲೋ ಚೀಲದ ಕಾಲ ಹೇಗಿತ್ತು? ಐವತ್ತು ಕಿಲೋದ್ದು ಬಂದಾಗ ಬೆನ್ನಿಗೆ ಆದದ್ದೇನು, ಕೂಲಿಗೆ ಆದದ್ದೇನು? ಕುಡಿಯುವ ನೀರಿನ ಕೊಡ ಯಾರದು, ಎಲ್ಲಿ ಇಡುತ್ತಿದ್ದರು? ಚಹಾದ ಕಪ್ಪು ಬೇರೆ ಇರುತ್ತಿದ್ದ ದಿನ ಮೊದಲ ಸಲ ಒಂದೇ ಕಪ್ಪು ಎತ್ತಿಕೊಂಡ ಕೈ ಯಾರದು? ನಾಟಕ ಇರುವುದು ಇಲ್ಲಿ.

ಜಾತಿ ಬಿಟ್ಟು ಬರೀ ಕಾರ್ಮಿಕ ಚರಿತ್ರೆ ಆಡೋಣ ಎನ್ನುವ ಗೆಳೆಯರಿಗೂ ಒಂದು ಮಾತು. ಮುಂಬಯಿ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಲಾಳಿಯ ನೂಲು ಕಡಿದರೆ ಬಾಯಿಂದ ಎಳೆದು ಪೋಣಿಸಬೇಕಿತ್ತು. ನಮ್ಮವರ ಎಂಜಲು ತಾಗಿದ ಲಾಳಿಗೆ ಬಾಯಿ ಹಾಕಲು ಉಳಿದ ಕೂಲಿಗಳು ಒಪ್ಪಲಿಲ್ಲ. ಹೆಚ್ಚು ಕೂಲಿ ಇದ್ದದ್ದು ಆ ಖಾತೆಯಲ್ಲೇ. 1928ರ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಎತ್ತಿದ ಪ್ರಶ್ನೆ ಇದು. 1938ರಲ್ಲಿ ಮನಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರೆದುರು ನಿಂತು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಮ್ಮ ಶತ್ರುಗಳು ಅಂದರು. ನಮ್ಮ ಎಂ.ಎಸ್.ಕೆ. ಮಿಲ್ಲಿನ ಮಗ್ಗದ ಮುಂದೆ ಯಾರು ನಿಂತಿದ್ದರು, ಯಾರು ಹತ್ತಿ ಮೂಟೆ ಬಿಚ್ಚುತ್ತಿದ್ದರು, ಯಾರು ಕಕ್ಕಸು ಬಳಿಯುತ್ತಿದ್ದರು? ಹಳಬರು ಇನ್ನೂ ಒಬ್ಬಿಬ್ಬರು ಇದ್ದಾರೆ. ಈ ವರ್ಷವೇ ಹೋಗಿ ಕೇಳಬೇಕು. ಗಂಜಿನೊಳಗೂ ನಮ್ಮವರು, ಮುಸ್ಲಿಮರು, ಕಬ್ಬಲಿಗರು ಒಂದೇ ಲಾರಿಗೆ ಹೆಗಲು ಕೊಡುತ್ತಾರೆ. ಊಟದ ಬುತ್ತಿ ಬಿಚ್ಚುವಾಗ ಯಾರು ಯಾರ ಪಕ್ಕ ಕೂಡುತ್ತಾರೆ? ನಮ್ಮ ನಮ್ಮೊಳಗೇ, ಎಡ ಬಲ ಎಂದು ಇರುವ ಗೋಡೆ ಅಲ್ಲಿ ಬೀಳುತ್ತದೋ ಇಲ್ಲವೋ? ನಾಟಕ ಇದನ್ನೂ ತೋರಿಸಲಿ. ನಮಗೆ ನಾಚಿಕೆಯಾದರೂ ಚಿಂತೆಯಿಲ್ಲ.

ಇನ್ನು ಒಂದು ಎಚ್ಚರಿಕೆ, ದೂರ ದೇಶದ್ದು. ಅಮೆರಿಕದ ಪೇಟರ್ಸನ್ ಎಂಬ ಊರಿನಲ್ಲಿ 1913ರಲ್ಲಿ ರೇಷ್ಮೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಜೂನ್ 7ರಂದು ಸಾವಿರಕ್ಕೂ ಹೆಚ್ಚು ಕಾರ್ಮಿಕರು ನ್ಯೂಯಾರ್ಕಿನ ದೊಡ್ಡ ಸಭಾಂಗಣದಲ್ಲಿ ತಮ್ಮ ಮುಷ್ಕರವನ್ನು ತಾವೇ ಆಡಿ ತೋರಿಸಿದರು. ಗಿರಣಿಯ ಕೂಗು, ಗೇಟು, ಗುಂಡಿಗೆ ಸತ್ತವನ ಶವಯಾತ್ರೆ, ಎಲ್ಲ. ಜನ ಕಿಕ್ಕಿರಿದು ಬಂದರು, ಪತ್ರಿಕೆಗಳು ಹೊಗಳಿದವು. ಲೆಕ್ಕ ಹಾಕಿದಾಗ ಮುಷ್ಕರ ನಿಧಿಗೆ ಬರಬೇಕಿದ್ದ ದುಡ್ಡು ಬರಲಿಲ್ಲ, ಮೇಲಿಂದ ಸಾಲ. ಮುಷ್ಕರದ ಮುಂದಾಳುಗಳಲ್ಲಿ ಒಬ್ಬಳಾದ ಎಲಿಜಬೆತ್ ಗರ್ಲಿ ಫ್ಲಿನ್ ಆಮೇಲೆ ನೇರವಾಗಿಯೇ ಹೇಳಿದಳು: ತಾಲೀಮಿನ ಗದ್ದಲದಲ್ಲಿ ಗೇಟಿನ ಕಾವಲು ಸಡಿಲವಾಯಿತು, ಮುಷ್ಕರ ಮುರಿಯುವವರು ಒಳಗೆ ನುಗ್ಗಿದರು, ಪಾತ್ರ ಸಿಕ್ಕವರಿಗೂ ಸಿಗದವರಿಗೂ ಹೊಟ್ಟೆಕಿಚ್ಚು ಬಂತು. ಮುಂದಿನ ತಿಂಗಳು ಮುಷ್ಕರ ಸೋತಿತು. ನಾಟಕದಿಂದಲೇ ಸೋತಿತು ಎಂದು ನಾನು ಹೇಳುವುದಿಲ್ಲ. ಆದರೆ ಹಮಾಲರ ಕೂಲಿ ಹೆಚ್ಚಳದ ಮಾತುಕತೆ ನಡೆದ ದಿನ ನಾವು ತಾಲೀಮಿಗೆ ಬನ್ನಿ ಎಂದು ಅವರನ್ನು ಎಳೆದರೆ ನಾವು ಶತ್ರುವಿನ ಕೆಲಸ ಮಾಡಿದ ಹಾಗೆ. ಮಹಾರಾಷ್ಟ್ರದಲ್ಲಿ 1969ರಲ್ಲಿ ಮಾಥಾಡಿ ಹಮಾಲರ ಕಾನೂನು ಬಂದದ್ದು ಹಮಾಲರು ಸಂಘ ಕಟ್ಟಿ ಬೀದಿಗೆ ಇಳಿದದ್ದರಿಂದ. ನಾಟಕ ಅದರ ಬೆನ್ನಿಗೆ ನಿಲ್ಲಬಹುದು, ಅದರ ಜಾಗಕ್ಕೆ ನಿಲ್ಲಬಾರದು.

ಹೊಸ ನಾಟಕಕ್ಕೆ ಪಾತ್ರ ಹಂಚಲು ಹೋದ ತಿಂಗಳು ಕೂತೆವು. ಏನಾಯಿತು ಗೊತ್ತೇ? ಸಾಹುಕಾರನ ಪಾತ್ರಕ್ಕೆ ಐದು ಮಂದಿ ಕೈ ಎತ್ತಿದರು. ಹಮಾಲನಾಗಲು ಒಬ್ಬನೂ ಇಲ್ಲ. ನಾವು ನಕ್ಕೆವು, ಆಮೇಲೆ ನಗು ನಿಂತಿತು. ಅದೇ ಗೇಟಿನ ಕಥೆ. ಕೊನೆಗೆ ತೀರ್ಮಾನ ಆದದ್ದು ಇಷ್ಟು: ಸಾಹುಕಾರನಿಗೆ ದಿಂಬಿನ ಹೊಟ್ಟೆ ಇರುವುದಿಲ್ಲ, ಮೀಸೆ ತಿರುವುವುದಿಲ್ಲ. ನಿಜವಾದ ಸಾಹುಕಾರ ಗಾದಿಯ ಮೇಲೆ ಕೂತು ಮೆತ್ತಗೆ ಮಾತಾಡುತ್ತಾನೆ, "ಊಟ ಆಯ್ತೇನಪಾ" ಅನ್ನುತ್ತಾನೆ, ಮಗಳ ಮದುವೆಗೆ ಮುಂಗಡ ಕೊಡುತ್ತಾನೆ, ಮುಂಗಡದ ಹಗ್ಗ ಕೈಯಲ್ಲಿ ಇಟ್ಟುಕೊಳ್ಳುತ್ತಾನೆ. ಆ ಮೆತ್ತನೆಯ ಮಾತನ್ನು ಆಡಿ ತೋರಿಸುವುದೇ ಕಷ್ಟ. ಕಾಳು ಆರಿಸುವವರ ಪಾತ್ರವನ್ನು ಹುಡುಗರು ಸೀರೆ ಉಟ್ಟು ಕಿಸಕಿಸ ಮಾಡಿ ಆಡುವಂತಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನ ತಂಗಿಯರೇ ಆಡಬೇಕು, ಅವರ ಮಾತನ್ನು ಅವರೇ ಕಟ್ಟಬೇಕು. ಅವರ ಗೇಟು ಸಂಜೆಗೇ ಬೀಳುತ್ತದೆ, ಆದ್ದರಿಂದ ತಾಲೀಮು ಗಂಜಿನ ರಜೆಯ ದಿನ, ಹಗಲಿನಲ್ಲಿ.

ಸ್ಟೇಜು ಬೇಡ. ಸುಗ್ಗಿ ಇಳಿದ ಮೇಲೆ, ತೂಕ ಮುಗಿದ ಒಂದು ಸಂಜೆ, ಕಟ್ಟೆಯ ಮೇಲೆ, ಥಪ್ಪಿಯ ಪಕ್ಕದಲ್ಲಿ. ಮೊದಲ ಆಟ ಹಮಾಲರ ಮುಂದೆಯೇ. ನಡುವೆ ಎದ್ದು "ಹಂಗಲ್ಲ ತಮ್ಮಾ" ಅನ್ನುವ ಹಕ್ಕು ಅವರಿಗಿದೆ. ಅವರು ಹಾಗೆಂದಾಗ ಆಟ ನಿಲ್ಲಿಸಿ, ಅವರು ತೋರಿಸಿದ ಹಾಗೆ ಚೀಲ ಹಿಡಿದು, ಮತ್ತೆ ಅಲ್ಲಿಂದಲೇ ಶುರು ಮಾಡುತ್ತೇವೆ. ಮೊದಲಿನ ಮುತ್ಯಾನನ್ನು ಕೇಳಿದ್ದೇವೆ. "ನಾ ಆಡಂಗಿಲ್ಲ, ಹೇಳ್ತೀನಿ" ಅಂದಿದ್ದಾನೆ. ಅಪ್ಪನನ್ನು ನಾನಿನ್ನೂ ಕೇಳಿಲ್ಲ. ಈ ಸಂಚಿಕೆ ಕೈಗೆ ಕೊಟ್ಟು, ನಾನೇ ಓದಿ ಹೇಳಬೇಕು.

ಹಳಬರ ಮಾತು ಮೊಬೈಲಿನಲ್ಲಿ ಹಿಡಿಯುವವರು ಮೊದಲು ಅವರ ಒಪ್ಪಿಗೆ ಕೇಳಿ, ಹೆಸರು ಹಾಕಬೇಕೋ ಬೇಡವೋ ಎಂದೂ ಕೇಳಿ. ಊರಿಗೆ ಹೋದವರು ಮನೆಯ ಟ್ರಂಕು ತೆಗೆದು ನೋಡಿ. ಗಿರಣಿಯ ಬಿಲ್ಲೆ, ಸಂಘದ ರಸೀದಿ, ಗೇಟಿನ ಮುಂದೆ ತೆಗೆಸಿದ ಒಂದು ಫೋಟೋ, ಏನಿದ್ದರೂ ತನ್ನಿ, ನೋಡಿ ವಾಪಸು ಕೊಡುತ್ತೇವೆ. ಹರಿದ ಗೋಣಿಚೀಲ ಎಂಟು ಬೇಕು, ಹಲಗಿ ಎರಡು ಬೇಕು. ಚೀಲಕ್ಕೆ ಈ ಸಲ ಪೇಪರು ತುಂಬುವುದಿಲ್ಲ. ಅಪ್ಪನ ಕೊಕ್ಕೆಯನ್ನು ಮಾತ್ರ ಯಾರೂ ತರಬೇಡಿ. ಸುಗ್ಗಿ ಮುಗಿಯುವವರೆಗೆ ಅದು ಕೆಲಸದಲ್ಲಿರುತ್ತದೆ.